ಕಪ್ಪು ಚಷ್ಮಾದ ಹಿಂದಿನ ಕೆಂಪು

ಜಲನಗರದ ನನ್ನ ದವಾಖಾನೆಗೆ ಬಬಲೇಶ್ವರ ಕಡೆಯ ಕಬ್ಬಿನ ರೈತ ಶ್ರೀಶೈಲಪ್ಪ ಜ್ವರವೆಂದು ಬಂದರು. ಹಾಕಿದ್ದ ಕಪ್ಪು ಚಷ್ಮಾ ತೆಗೆಯಲು ಮಾತ್ರ ಒಪ್ಪಲಿಲ್ಲ.

"ಕಣ್ಣ ಬಂದಾವ್ರಿ ಡಾಕ್ಟರ್ ಬಾಯಾರ. ನೋಡಿದ್ರ ನಿಮಗೂ ಬರ್ತಾವ."

"ನೋಡಿದ್ರ ಏನೂ ಬರಂಗಿಲ್ಲ, ತಗೀರಿ," ಎಂದು ನಾನೇ ಕಿತ್ತುಕೊಂಡೆ. ಕೀವಿಲ್ಲ, ನೀರಿಲ್ಲ, ಕಣ್ಣಿನ ಬಿಳಿ ಭಾಗದ ತುಂಬ ರಕ್ತ ಹರಡಿತ್ತು. ಹಲ್ಲುಜ್ಜಿದರೂ ರಕ್ತ ಬರುತ್ತದಂತೆ. ಮೀನಖಂಡ ಒತ್ತಿದೆ, ಚೀರಿದರು. ಹಿಮ್ಮಡಿ ಒಡೆದು ಸೀಳಿತ್ತು.

"ಬರಿಗಾಲಲೇ ನೀರು ಹಾಯಿಸ್ತೀರೇನು?"

"ಭೂಮಿತಾಯಿನ್ನ ಚಪ್ಪಲಿಲೇ ತುಳೀತಾರೇನ್ರಿ?"

ಇಲಿ ಜ್ವರ ಎಂದು ಅಲ್ಲೇ ಹೇಳಿಬಿಟ್ಟೆ. ಇಲಿ ಉಚ್ಚೆ ಹೊಯ್ದ ನೀರಿನಿಂದ ಬ್ಯಾಕ್ಟೀರಿಯಾ ಆ ಸೀಳಿನೊಳಗೆ ಹೊಕ್ಕಿತ್ತು. ಕಣ್ಣಿಗೆ ಹನಿ ಬಿಡುತ್ತ ಕೂತಿದ್ದರೆ ಕಿಡ್ನಿಯೇ ಹೋಗುತ್ತಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿದೆ, ರಕ್ತಪರೀಕ್ಷೆಯೂ ನನ್ನ ಮಾತನ್ನೇ ಹೇಳಿತು. ಅಲ್ಲಿನ ಇಂಜೆಕ್ಷನ್ನಿಗೆ ಗುಣವಾಗಿ ನನಗೆ ತೋರಿಸಲು ಬಂದರು. ಗಂಬೂಟಿಲ್ಲದೆ ಹೊಲಕ್ಕೆ ಕಾಲಿಡಬೇಡಿ ಎಂದು ಗದರಿಸಿಯೇ ಮನೆಗೆ ಕಳಿಸಿದ್ದೆ.

ಮೊನ್ನೆ ಗಂಬೂಟು ಹಾಕಿಕೊಂಡೇ ಬಂದರು. ಅವು ಅಂಗಡಿಯಿಂದ ತಂದಂತೆ ಹೊಳೆಯುತ್ತಿದ್ದವು.

"ಹೊಲಕ್ಕ ಹಾಕ್ಕೊಳ್ಳಂಗಿಲ್ಲೇನು?"

"ದಿನಾ ಹಾಕ್ಕೊಂಡ ಹೋಗ್ತೇನ್ರಿ ಬಾಯಾರ. ಒಡ್ಡಿನ ಮ್ಯಾಲ ಬಿಚ್ಚಿಟ್ಟು ಒಳಗ ಇಳೀತೇನಿ."