ವಿಭೂತಿ ಹಚ್ಚಿದ ಕಟಿಂಗ್ ಮಷಿನ್ನು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಜಗಳೂರಿನಿಂದ ಹೊನ್ನಾಳಿಯವರೆಗೆ, ವರ್ಗವಾಗಿ ಹೋದ ಊರಲ್ಲೆಲ್ಲ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ಆ ಕಡೆ ಏನೋ ಕೆಲಸವಿದೆ ಎಂದಷ್ಟೇ ಅರ್ಥ ಎಂದು ಹೇಳಿ ಮಕ್ಕಳನ್ನು ನಗಿಸಿದ್ದೇನೆ. ನಿವೃತ್ತನಾಗಿ ಚನ್ನಗಿರಿಯಲ್ಲಿ ಮನೆ ಮಾಡಿಕೊಂಡ ಮೇಲೆ ನಗಿಸಲು ಮಕ್ಕಳಿರಲಿಲ್ಲ. ಬ್ಯಾಟರಿಯಲ್ಲಿ ಓಡುವ, ದುಂಡು ಬ್ಲೇಡಿನ ಕಟಿಂಗ್ ಮಷಿನ್ ಒಂದನ್ನು ಕೊಂಡೆ.

ಕಾರಣ ಇತ್ತು. ಹೆಂಡತಿಗೆ ಅಡಿಗೆಮನೆಯಲ್ಲಿ ಒಂದು ಶೆಲ್ಫ್ ಬೇಕಾಗಿತ್ತು. ಬಸವಾಪಟ್ಟಣದ ಅವಳ ತವರಿನಿಂದ ಒಂದು ಹಲಸಿನ ಹಲಗೆಯೂ ಬಂದಿತ್ತು. ನಲ್ಲೂರಿನ ಆಚಾರಿ ಮಾತ್ರ ಎರಡು ತಿಂಗಳಿಂದ "ನಾಳೆ ಬರ್ತೀನಿ ಸಾರ್" ಅನ್ನುತ್ತಲೇ ಇದ್ದ. ಒಂದು ಹಲಗೆ ಕೊಯ್ಯಲು ಇವನ ಕಾಲು ಹಿಡಿಯಬೇಕೇ ಎಂದು ನನಗೆ ರೇಗಿತು.

ಮಷಿನ್ ಜೊತೆಗೆ ಬಂದ ಪುಸ್ತಕವನ್ನು ಮೂರು ಸಲ ಓದಿ, ಹೆಂಡತಿಯನ್ನು ಮುಂದೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ಬ್ಲೇಡು ಹಲಗೆಯ ದಪ್ಪಕ್ಕಿಂತ ಚೂರೇ ಚೂರು ಕೆಳಗಿಳಿಯಬೇಕು. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಮೇಲಕ್ಕೆ ಏಳುತ್ತದೆ, ಹಾಗಾಗಿ ಹಲಗೆಯ ಚೆಂದದ ಮುಖ ಕೆಳಗಿರಬೇಕು. ಬ್ಲೇಡಿಗೂ ದಪ್ಪ ಇದೆ, ಗೆರೆಯ ಮೇಲೆಯೇ ಓಡಿಸಿದರೆ ಅಳತೆ ಹೋಯಿತು. ಬೇಡವಾದ ತುಂಡಿನ ಕಡೆ ಓಡಿಸಬೇಕು. ಅವಳು ಆಕಳಿಸಿದಳು. ಚಿಕ್ಕಂದಿನಿಂದ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವಳು ಅವಳು.

"ನಮ್ಮವ್ವ ಒಂದೇ ಮಾತು ಹೇಳ್ತಿದ್ಲು ಕಣ್ರೀ, ಕತ್ತಿ ಬಿಟ್ಟು ಏಳಾಕೆ ಮುಂಚೆ ಅದರ ಮೇಲೆ ಗೋಣಿತಾಟು ಹೊದಿಸು ಅಂತ."

"ಅಯ್ಯೋ ಹುಚ್ಚಿ, ಇದು ತಾನೇ ಹೊದ್ದುಕೊಳ್ತದೆ!" ಎಂದು ಬ್ಲೇಡಿನ ಕೆಳಭಾಗಕ್ಕೆ ಮುಚ್ಚಳದಂತಿದ್ದ ಗಾರ್ಡ್ ತೋರಿಸಿದೆ. ಮರದೊಳಗೆ ಹೋಗುವಾಗ ಹಿಂದೆ ಸರಿಯುತ್ತದೆ, ಹೊರಗೆ ಬಂದ ಕೂಡಲೇ ಸ್ಪ್ರಿಂಗಿನಿಂದ ಟಪ್ಪನೆ ಬ್ಲೇಡನ್ನು ಮುಚ್ಚುತ್ತದೆ. ಅವಳಿಗೆ ಇಡೀ ಮಷಿನ್ನಿನಲ್ಲಿ ಮೆಚ್ಚುಗೆಯಾದದ್ದು ಅದೊಂದೇ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಪೂಜೆಯಾಗುವಾಗ ಹೊಸ ಮಷಿನ್ನನ್ನು ಬಿಡುವುದುಂಟೇ? ಸುರಕ್ಷತೆ ಅಂದರೆ ಸುರಕ್ಷತೆ, ಮೊದಲು ಬ್ಯಾಟರಿ ತೆಗೆದಿಟ್ಟೆ. ಬ್ಲೇಡಿಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಹಾಳಾದ ಗಾರ್ಡ್ ಪದೇ ಪದೇ ಇಳಿದು ವಿಭೂತಿಯನ್ನು ಮುಚ್ಚುತ್ತಿತ್ತು. ಪೂಜೆಯ ಹೊತ್ತಿನಲ್ಲಿ ದೇವರ ಮುಖ ಮುಚ್ಚಬಾರದು. ವಾಟ್ಸಾಪಿಗೆ ಫೋಟೋ ಬೇರೆ ಹಾಕಬೇಕಿತ್ತು. ಗಾರ್ಡನ್ನು ಮೇಲಕ್ಕೆತ್ತಿ, ಅರಿಶಿನದ ಕೊಂಬಿನ ದಾರದಿಂದ ಹಿಡಿಕೆಗೆ ಬಿಗಿಯಾಗಿ ಕಟ್ಟಿದೆ. ಹಲ್ಲು ಕಿರಿದ ಮಷಿನ್ನಿಗೆ ಮಂಗಳಾರತಿ ಆಯಿತು.

ಎರಡು ದಿನ ಬಿಟ್ಟು ಹಲಗೆ ಕೊಯ್ಯಲು ಕೂತಾಗ ಹೆಂಡತಿ ದಾರ ನೋಡಿದಳು.

"ಅದನ್ನ ಬಿಚ್ರೀ. ಬಾಯಿ ತೆರಕೊಂಡು ಕೂತೈತೆ."

"ಪೂಜೆಗೆ ಕಟ್ಟಿದ ದಾರ ಬಿಚ್ಚಬಾರದು. ತಾನಾಗೇ ಉದುರಬೇಕು."

"ಮೇಷ್ಟ್ರೇ, ನೀವಾ ಈ ಮಾತು ಹೇಳೋದು?"

"ನನಗೇನು ನಂಬಿಕೆ ಇಲ್ಲಪ್ಪ. ಆದರೂ ಯಾಕೆ ಸುಮ್ಮನೆ?" ಎಂದೆ. ಈ 'ಆದರೂ ಯಾಕೆ ಸುಮ್ಮನೆ' ಎಂಬುದರ ಮುಂದೆ ನನ್ನ ಮೂವತ್ತು ವರ್ಷದ ಪಾಠ ಮಂಡಿಯೂರಿತ್ತು.

ಕನ್ನಡಕ ಹಾಕಿಕೊಂಡೆ, ಹಲಗೆಯನ್ನು ಬೆಂಚಿಗೆ ಬಿಗಿದೆ. ಬೀಳುವ ತುಂಡು ಹಿಡಿಯಲು ಅವಳನ್ನು ಪಕ್ಕದಲ್ಲಿ ನಿಲ್ಲಿಸಿದೆ, ಬರಿಗಾಲಲ್ಲಿ. ತುಂಡಿಗೆ ಬೀಳಲು ಜಾಗ ಬಿಟ್ಟರೆ ಸಾಕು, ಯಾರೂ ಹಿಡಿಯಬೇಕಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ನೋಡುವವರಿಲ್ಲದೆ ಮೇಷ್ಟ್ರಿಗೆ ಕೈ ಓಡುವುದಿಲ್ಲ. ಬ್ಲೇಡು ಪೂರ್ತಿ ವೇಗಕ್ಕೆ ಬರುವತನಕ ಕಾದು, ಗೆರೆಯ ಪಕ್ಕದಲ್ಲಿ ನಿಧಾನವಾಗಿ ತಳ್ಳಿದೆ. ಆಹಾ, ಎಂಥ ಕೊಯ್ತ! ನೂಲು ಹಿಡಿದ ಹಾಗೆ ನೇರ. ತುಂಡು ಅವಳ ಕೈಗೆ ಬಂತು. ನಾನು ಉಬ್ಬಿಹೋಗಿ, ಅಂಚನ್ನು ಸವರಿ ನೋಡುವ ಆತುರದಲ್ಲಿ ಮಷಿನ್ನನ್ನು ನೆಲದ ಮೇಲಿಟ್ಟೆ. ಬ್ಲೇಡು ಇನ್ನೂ ತಿರುಗುತ್ತಿತ್ತು.

ತೆರೆದ ಹಲ್ಲು ನೆಲ ಕಚ್ಚಿತು. ಮಷಿನ್ ಕರ್ರೆಂದು ಅರಚುತ್ತ ನೇರ ಅವಳ ಕಾಲಿನ ಕಡೆಗೆ ಓಡಿತು. ಅವಳು ತುಂಡನ್ನು ಕೈಬಿಟ್ಟು ಹಿಂದಕ್ಕೆ ಹಾರಿದಳು. ಮಷಿನ್ ಆ ತುಂಡಿಗೆ ಬಡಿದು ನಿಂತಿತು. ಅವಳ ಹೆಬ್ಬೆರಳು ಇದ್ದ ಜಾಗದವರೆಗೂ ನೆಲದಲ್ಲಿ ಬಿಳಿ ಗೀರು ಬಿದ್ದಿತ್ತು.

ಅವಳು ಬಗ್ಗಿ ಮಷಿನ್ ಎತ್ತಿಕೊಂಡಳು. ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟಳು, ಒಳಗಿಂದ ಕತ್ತರಿ ತಂದು ದಾರ ಕತ್ತರಿಸಿದಳು. ಗಾರ್ಡ್ ಟಪ್ಪನೆ ಮುಚ್ಚಿಕೊಂಡಿತು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ನನ್ನ ಕಾಲು ಹೋಗಿದ್ರೆ ಆವಾಗಾದ್ರೂ ಬಿಚ್ತಿದ್ರೇನ್ರೀ?"

ನಾನು ಮುಖ ತಗ್ಗಿಸಿ ನೆಲದ ಗೀರನ್ನು ಒರೆಸತೊಡಗಿದೆ. ಭಯದಿಂದ ಎಂದು ಅವಳು ತಿಳಿದಳು, ಪಾಪ. ನಿಜ ಹೇಳಲು ಇವತ್ತಿಗೂ ನಾಚಿಕೆ. ಮಷಿನ್ ನಿಂತ ಆ ಕ್ಷಣ ನನ್ನ ತಲೆಯಲ್ಲಿ ಹೊಳೆದದ್ದು ಒಂದೇ ಮಾತು: ಸದ್ಯ, ಪೂಜೆಯ ದಾರ ಇದ್ದದ್ದಕ್ಕೆ ಕಾಲು ಉಳಿಯಿತು.