ಗಾಯದ ಮಾಸ್ಟ್ರು ಹಚ್ಚಿದ ಬಣ್ಣ

ಗಾಯದ ಮಾಸ್ಟ್ರಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ ಎಂದರೆ ಸಿನಿಮಾ ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ನಗದೆ ಇನ್ನೇನು ಮಾಡುತ್ತಾರೆ? ಚಾಕು ಹಾಕಿಸಿಕೊಂಡವರಿಗೆ, ಗುಂಡೇಟು ತಿಂದವರಿಗೆ, ಮಹಡಿಯಿಂದ ಬಿದ್ದವರಿಗೆ ಮೇಕಪ್ಪಿನ ಗಾಯ ಮಾಡಿಕೊಂಡೇ ಅರ್ಧ ಆಯುಷ್ಯ ಕಳೆದ ಮನುಷ್ಯ ಅವರು. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಚಿಟಿಕೆ ಕಾಫಿಪುಡಿ ಕಲಸಿದರೆ ರಕ್ತ. ಹತ್ತಿಗೆ ಅಂಟು ಸವರಿ ಬೆರಳಲ್ಲಿ ಕೆದರಿದರೆ ಹರಿದ ಮಾಂಸ. ಆದರೆ ಮನೆಯಲ್ಲಿ ತರಕಾರಿ ಹೆಚ್ಚುವಾಗ ಹೆಂಡತಿ ಬೆರಳು ಕೊಯ್ದುಕೊಂಡರೆ ಈ ಮಹಾನುಭಾವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ನಿಜವಾದ ಗಾಯವನ್ನು ಕಣ್ಣಿಟ್ಟು ನೋಡಿದ್ದೇ ಇಲ್ಲ. ಗುರುಗಳು ಹೇಳಿಕೊಟ್ಟದ್ದು ಒಂದಿಷ್ಟು, ಬೇರೆಯವರ ಸಿನಿಮಾ ನೋಡಿ ಕಲಿತದ್ದು ಒಂದಿಷ್ಟು, ಅಷ್ಟೇ ಅವರ ವಿದ್ಯೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಆದದ್ದನ್ನು ಕೇಳಿದವರೆಲ್ಲ, ಆ ಮನುಷ್ಯನಿಗೆ ಅಷ್ಟೂ ಗೊತ್ತಾಗಲಿಲ್ಲವೇ ಎಂದು ಬಾಯಿ ಬಿಟ್ಟುಕೊಂಡು ಕೂರುತ್ತಾರೆ.

ಮಾಸ್ಟ್ರಿಗೆ ಒಬ್ಬಳೇ ಅಕ್ಕ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ. ಗಂಡ ತೀರಿಕೊಂಡ ಮೇಲೆ ಒಬ್ಬ ಮಗನನ್ನು ಇಟ್ಟುಕೊಂಡು ತಮ್ಮನ ಮನೆಯ ಮಹಡಿ ಮೇಲಿನ ಕೋಣೆಯಲ್ಲೇ ಇದ್ದಳು. ಆ ಹುಡುಗನಿಗೆ ಚಿಕ್ಕಂದಿನಿಂದ ಮನೆಯಲ್ಲಿ ಸಿಪಾಯಿ ಎಂದೇ ಹೆಸರು. ಪೊರಕೆ ಕಡ್ಡಿ ಸಿಕ್ಕರೂ ಹೆಗಲಿಗೇರಿಸಿ ಕವಾಯತು ಮಾಡುತ್ತಿದ್ದ. ಚಿಕ್ಕವನಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೀಸೆ ಬಂದ ಮೇಲೂ ಅದೇ ಹಟ ಹಿಡಿದು, ಸೈನ್ಯಕ್ಕೆ ಸೇರುತ್ತೇನೆ ಎಂದು ಬೆಳಗಾಗೆದ್ದು ನೀರಿನ ಟ್ಯಾಂಕಿನ ಸುತ್ತ ಓಡತೊಡಗಿದಾಗ ಅಕ್ಕನ ಜೀವ ಬಾಯಿಗೆ ಬಂತು. ಒಂದು ದಿನ ಕೆಲಸಕ್ಕೆ ಚಕ್ಕರ್ ಹೊಡೆದು ನೇರವಾಗಿ ಸ್ಟುಡಿಯೋದ ಮೇಕಪ್ ರೂಮಿಗೇ ಬಂದಳು. ಸುತ್ತ ಬಲ್ಬು ಉರಿಯುವ ಕನ್ನಡಿಯ ಮುಂದೆ ಕುಳಿತು, ಕಣ್ಣೀರು ಒರೆಸಿಕೊಳ್ಳದೆ ಹೇಳಿದಳು.

"ಅವನನ್ನ ನಿನ್ನ ಸಿನಿಮಾ ಸೈನ್ಯಕ್ಕೆ ಸೇರಿಸ್ಕೊಳ್ಳೋ. ಯೂನಿಫಾರಂ ಹಾಕೋ ಹುಚ್ಚು ಅಲ್ಲೇ ತೀರ್ಲಿ. ಸಾಯೋದಿದ್ರೂ ಅಲ್ಲೇ ಸಾಯ್ಲಿ, ಸಂಜೆ ಮುಖ ತೊಳ್ಕೊಂಡು ಮನೆಗೆ ಬರ್ತಾನಲ್ಲ."

ಮಾಸ್ಟ್ರು ಅಕ್ಕನ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಹುಡುಗ ತನ್ನ ಕಣ್ಣ ಮುಂದೆಯೇ ಇರುತ್ತಾನೆ, ಒಂದು ಗೀರೂ ಬೀಳಲು ಬಿಡುವುದಿಲ್ಲ ಎಂದರು. ಆಗ ಅವರ ಕೈಯಲ್ಲಿ ಇದ್ದದ್ದು ಯುದ್ಧದ ಸಿನಿಮಾವೇ. ಎಂಥ ಯುದ್ಧದ ಸಿನಿಮಾ ಅಂತೀರಿ? ಹೊಸದಾಗಿ ಸೈನ್ಯಕ್ಕೆ ಸೇರಿದ ಹುಡುಗನೊಬ್ಬ ಕಂದಕದಲ್ಲಿ ಕೂತು ತನ್ನ ಮೊದಲ ಕಾಳಗಕ್ಕೆ ಕಾಯುತ್ತಾನೆ. ಕಾಯುತ್ತಾನೆ, ಕಾಯುತ್ತಲೇ ಇರುತ್ತಾನೆ. ಬೂಟಿನ ದಾರ ಬಿಚ್ಚಿ ಕಟ್ಟುತ್ತಾನೆ, ಗೆಳೆಯನ ಗೊರಕೆ ಎಣಿಸುತ್ತಾನೆ, ತನಗೆ ಹೆದರಿಕೆ ಆಗುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಕಾಳಗ ಬರುವುದು ಕೊನೆಗೆ. ಗಾಯ ಮಾಡುವವನಿಗೆ ಕೊನೆಯವರೆಗೂ ಕೆಲಸವೇ ಇಲ್ಲದ ಯುದ್ಧ ನಾನು ಕಂಡಿಲ್ಲ ಎಂದು ಮಾಸ್ಟ್ರು ನಿರ್ದೇಶಕನನ್ನು ಛೇಡಿಸುತ್ತಿದ್ದರು.

ಸಿಪಾಯಿಗೆ ಸಿಕ್ಕಿದ್ದು ನಾಯಕನ ಪಕ್ಕದಲ್ಲಿ ಕೂರುವ ಪಾತ್ರ. ಮಾತಿಲ್ಲ, ಬರೀ ಕೂರುವುದು. ಊರಾಚೆ ಅಗೆದ ಕಂದಕದಲ್ಲಿ ಮಣ್ಣು ಮೆತ್ತಿಕೊಂಡು ಕೂತವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕಾಳಗದ ದೃಶ್ಯಕ್ಕೆ ಬೇಕಾದ ಬೆಳಕು ಸಿಗದೆ ನಿರ್ದೇಶಕ ಇವತ್ತು ನಾಳೆ ಎಂದು ತಳ್ಳುತ್ತಿದ್ದ. ಬೆಳಿಗ್ಗೆ ಬಣ್ಣ ಹಚ್ಚಿಸಿಕೊಳ್ಳುವಾಗಲೆಲ್ಲ ಹುಡುಗ, ಮಾಮಾ ಇವತ್ತಾದರೂ ಕಾಳಗ ಇದೆಯಾ ಎಂದು ಪ್ರಾಣ ತಿನ್ನುತ್ತಿದ್ದ. ನಿನಗ್ಯಾಕೋ ಸಾಯೋಕೆ ಅಷ್ಟು ಅವಸರ ಎಂದು ಮಾಸ್ಟ್ರು ಅವನ ಕೆನ್ನೆಗೆ ಬ್ರಷ್ಷಿನಿಂದಲೇ ತಿವಿಯುತ್ತಿದ್ದರು.

ಕೊನೆಗೂ ಬೇಕಾದ ಬೆಳಕು ಬಂತು. ಮಾಸ್ಟ್ರು ತಾವೇ ಸಿಪಾಯಿಯ ಹಣೆಗೊಂದು, ಭುಜಕ್ಕೊಂದು ಗಾಯ ಮಾಡಿದರು. ಉಳಿದ ಹುಡುಗರನ್ನು ಕೈಕೆಳಗಿನ ಹುಡುಗಿಗೆ ಬಿಟ್ಟರು. ಬಾಂಬಿನವರು ಗುಂಡಿಗಳಲ್ಲಿ ಮದ್ದು ಹೂತು ಮೇಲೆ ಮರದ ಹೊಟ್ಟು, ಸಣ್ಣಗೆ ಜರಡಿ ಹಿಡಿದ ಮಣ್ಣು ತುಂಬಿದ್ದರು. ಗಟ್ಟಿ ವಸ್ತು ಒಂದು ಚೂರೂ ಇರಬಾರದು ಅನ್ನುವುದು ಆ ಕೆಲಸದ ಮೊದಲ ಪಾಠ. ಯಾವ ಪುಣ್ಯಾತ್ಮ ಅಲ್ಲಿ ಡಬ್ಬಿಯ ತಗಡಿನ ಮುಚ್ಚಳ ಬಿಟ್ಟನೋ, ಇವತ್ತಿಗೂ ಒಬ್ಬನೂ ಬಾಯಿ ಬಿಟ್ಟಿಲ್ಲ. ಮದ್ದು ಸಿಡಿಯಿತು, ಮಣ್ಣು ಮುಗಿಲಿಗೆ ಹಾರಿತು, ಹುಡುಗರು ಹೇಳಿಕೊಟ್ಟಂತೆ ಉರುಳಿ ಬಿದ್ದರು. ನಿರ್ದೇಶಕ ಕಟ್ ಅಂದ. ಯಾರೂ ಏಳಬೇಡಿ, ಬಿದ್ದ ಹಾಗೇ ಇರಿ, ಹತ್ತಿರದಿಂದ ತೆಗೆಯುವುದಿದೆ ಎಂದು ಕೂಗಿ ಹೇಳಿಸಿದ.

ಮಾಸ್ಟ್ರು ಬಕೆಟ್ಟು ಹಿಡಿದು ಕಂದಕಕ್ಕೆ ಇಳಿದರು. ಸಿಪಾಯಿ ಮಗ್ಗುಲಾಗಿ ಬಿದ್ದಿದ್ದ. ಪ್ಯಾಂಟು ಮೊಣಕಾಲಿನ ಹಿಂದೆ ಹರಿದಿತ್ತು. ಅಲ್ಲೊಂದು ಬೆರಳುದ್ದದ ಸೀಳು, ಕಪ್ಪಗೆ, ಮಣ್ಣು ಮೆತ್ತಿಕೊಂಡು. ಮಾಸ್ಟ್ರ ಮೂಗಿನ ತುದಿಗೆ ಕೋಪ ಬಂತು. ಕೈಕೆಳಗಿನ ಹುಡುಗಿ ತನ್ನನ್ನು ಕೇಳದೆ ಮಾಡಿದ ಕೆಲಸ ಇದು ಎಂದುಕೊಂಡರು. ಇದನ್ನು ಗಾಯ ಅಂತಾರಾ? ಬಣ್ಣವಿಲ್ಲ, ಹೊಳಪಿಲ್ಲ, ಒಂದಿಷ್ಟು ಹರಿದ ಅಂಚೂ ಇಲ್ಲ. ಹುಡುಗ ತುಟಿ ಕಚ್ಚಿಕೊಂಡು, ಉರಿಯುತ್ತಿದೆ ಮಾಮಾ ಎಂದ. ಅಂಟು ಹಸಿ ಇದ್ದಾಗ ಎಲ್ಲರಿಗೂ ಉರಿಯುತ್ತದೆ, ಸ್ವಲ್ಪ ತಡೆದುಕೋ, ಹೆಣ ಮಾತಾಡಬಾರದು ಎಂದರು ಮಾಸ್ಟ್ರು. ಸೀಳಿನ ಅಂಚಿಗೆ ಹತ್ತಿ ಮೆತ್ತಿ, ಬೆರಳಲ್ಲಿ ಕೆದರಿ, ಮೇಲೆ ಎರಡು ಸೌಟು ಕೆಂಪು ಪಾಕ ಹೊಯ್ದರು. ಬೆರಳಿಗೆ ಬೆಚ್ಚಗೆ ತಗುಲಿದ್ದು ಹೌದು. ಅಂಥ ಬಿಸಿಲಿನಲ್ಲಿ ಬಣ್ಣ ಬೆಚ್ಚಗಾಗದೆ ತಣ್ಣಗಿರುತ್ತದೆಯೇ? ಅವರು ಅದರ ಬಗ್ಗೆ ಎರಡನೇ ಸಲ ಯೋಚಿಸಲಿಲ್ಲ.

ನಿರ್ದೇಶಕ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ ಭೇಷ್ ಅಂದ. ಎಲ್ಲರ ಮುಂದೆ ಮಾಸ್ಟ್ರ ಬೆನ್ನು ತಟ್ಟಿ, ಹುಡುಗನ ನೋವು ಕೂಡ ಎಷ್ಟು ಸಹಜವಾಗಿದೆ ನೋಡಿ ಎಂದು ನಾಯಕನಿಗೆ ತೋರಿಸಿದ. ಮಾಸ್ಟ್ರ ಎದೆ ಉಬ್ಬಿತು. ಅಕ್ಕನ ಮಗನಾದರೂ ನನ್ನದೇ ರಕ್ತ ಎಂದು ನಗಾಡಿದರು. ನಾಯಕ ಗೆಳೆಯರ ಹೆಣಗಳ ನಡುವೆ ತೆವಳುವ ದೃಶ್ಯವನ್ನು ಸೂರ್ಯ ಇಳಿಯುವವರೆಗೂ ತೆಗೆದರು. ಅಷ್ಟು ಹೊತ್ತೂ ಸಿಪಾಯಿ ಅಲ್ಲಾಡಲಿಲ್ಲ. ಈ ವಯಸ್ಸಿಗೇ ಎಂಥ ಶಿಸ್ತು ಎಂದು ಬಿಡುವಿನಲ್ಲಿ ಚಹಾ ಕುಡಿಯುತ್ತ ಎಲ್ಲರೂ ಹೊಗಳಿದರು.

ಪ್ಯಾಕಪ್ ಎಂದದ್ದೇ ತಡ, ಹೆಣಗಳೆಲ್ಲ ಎದ್ದು ಮೈ ಕೊಡವಿಕೊಂಡು ಹೊರಟವು. ಒಂದು ಏಳಲಿಲ್ಲ. ಮಾಸ್ಟ್ರು ಒರೆಸುವ ಬಟ್ಟೆ, ಎಣ್ಣೆ ಸೀಸೆ ಹಿಡಿದು ಹೋಗಿ, ಎದ್ದೇಳಪ್ಪ, ಯುದ್ಧ ಮುಗೀತು ಎಂದು ಬೂಟು ಕಳಚಿ ಪಾದ ಹಿಡಿದು ಅಲ್ಲಾಡಿಸಿದರು. ಪಾದ ತಣ್ಣಗೆ ಕೊರೆಯುತ್ತಿತ್ತು. ಇನ್ನೊಂದು ಬೂಟೂ ಕಳಚಿ ಮುಟ್ಟಿದರು, ಆ ಪಾದ ಬೆಚ್ಚಗಿತ್ತು. ಬಟ್ಟೆಗೆ ಎಣ್ಣೆ ಹಾಕಿ ಮೊಣಕಾಲಿನ ಹಿಂದೆ ಒರೆಸಿದರು. ಪಾಕ ಬಂತು, ಹತ್ತಿ ಬಂತು, ಅಂಟು ಬಂತು. ಅವರು ಹಚ್ಚಿದ್ದೆಲ್ಲ ಬಂತು. ಸೀಳು ಬರಲಿಲ್ಲ. ಅದು ಬಟ್ಟೆಯ ಕೆಳಗೆ ಬಾಯಿ ತೆರೆದುಕೊಂಡು ಹಾಗೇ ಇತ್ತು, ಒಳಗೆ ತಗಡಿನ ಅಂಚು ಕಾಣುತ್ತಿತ್ತು. ಅಯ್ಯೋ, ಆ ಹೊತ್ತಿನಲ್ಲಿ ಆ ಮನುಷ್ಯನ ಗಂಟಲಿನಿಂದ ಬಂದ ಸದ್ದನ್ನು ಕೇಳಿದವರು ಇವತ್ತಿಗೂ ಅದನ್ನು ಮರೆತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೌಹಾರಿದರು. ಹಣೆ ಒಡೆದಿದೆ, ಭುಜದಲ್ಲಿ ಗುಂಡಿನ ತೂತಿದೆ, ಎಲ್ಲಿಂದ ಶುರು ಮಾಡಬೇಕು? ಅದು ಸುಳ್ಳು, ಇದು ಸುಳ್ಳು ಎಂದು ಮಾಸ್ಟ್ರು ಒಂದೊಂದನ್ನೇ ತೋರಿಸಿ, ಕೊನೆಗೆ ನಿಜವಾದದ್ದನ್ನು ತೋರಿಸಿದರು. ಆಗ ಅವರು ಗೋಡೆಗೆ ಮುಖ ತಿರುಗಿಸಲಿಲ್ಲ. ಡಾಕ್ಟರು ಆಮೇಲೆ ಹೊರಗೆ ಬಂದು ಹೇಳಿದ್ದು ಇಷ್ಟು: ಮೊಣಕಾಲಿನ ಹಿಂದಿನ ರಕ್ತನಾಳ ತುಂಡಾಗಿದೆ, ತಗಡು ಅಲ್ಲೇ ಸಿಕ್ಕಿಕೊಂಡದ್ದರಿಂದ ರಕ್ತ ಹೆಚ್ಚು ಹೊರಗೆ ಹರಿದಿಲ್ಲ, ಮಧ್ಯಾಹ್ನದಿಂದ ಪಾದಕ್ಕೆ ರಕ್ತವೇ ಹೋಗಿಲ್ಲ, ಆಗಲೇ ತಂದಿದ್ದರೆ ಕಾಲು ಉಳಿಸಬಹುದಿತ್ತು. ಜೀವಕ್ಕೆ ಭಯವಿಲ್ಲ, ಕಾಲು ತೆಗೆಯಲೇಬೇಕು.

ಕಾರ್ಖಾನೆಯಿಂದ ಓಡಿ ಬಂದ ಅಕ್ಕ ಇದನ್ನು ಕೇಳಿ ನಿಂತಲ್ಲೇ ಕುಸಿದಳು. ಎದ್ದ ಮೇಲೆ ಬಾಂಬಿನವರಿಗೆ, ನಿರ್ದೇಶಕನಿಗೆ, ಅವನ ಕ್ಯಾಮೆರಾಕ್ಕೆ ಬಾಯಿಗೆ ಬಂದಂತೆ ಶಾಪ ಹಾಕಿದಳು. ಅಷ್ಟು ಜನ ಇದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲವೇ, ಅವರ ಕಣ್ಣು ಇಂಗಿ ಹೋಗಲಿ ಎಂದಳು. ತಮ್ಮನಿಗೆ ಮಾತ್ರ ಒಂದು ಕೆಟ್ಟ ಮಾತು ಆಡಲಿಲ್ಲ. ನೀನು ಹೋಗಿ ನೋಡದಿದ್ದರೆ ನನ್ನ ಮಗ ಆ ಗುಂಡಿಯಲ್ಲೇ ಹೋಗಿಬಿಡುತ್ತಿದ್ದ ಎಂದು ಅವರ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಇತ್ತು. ಹೇಳಬೇಕು, ಹೇಳಬೇಕು ಎಂದುಕೊಂಡೇ ಮಾಸ್ಟ್ರು ಅವಳನ್ನು ಬೆಂಚಿನ ಮೇಲೆ ಕೂರಿಸಿದರು.

ಮರುದಿನ ಹುಡುಗನಿಗೆ ಪೂರ್ತಿ ಎಚ್ಚರವಾಯಿತು. ಕಾಲಿನ ಕಡೆ ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದನ್ನು ಬಹಳ ಹೊತ್ತು ನೋಡಿದ. ಅಳಲಿಲ್ಲ. ಮಂಚದ ಒಂದು ಬದಿಗೆ ಅಮ್ಮ, ಅವಳಿಗೆ ಒತ್ತಿಕೊಂಡೇ ಮಾಸ್ಟ್ರು. ಅವರ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅಷ್ಟು ನೋವಾಗುತ್ತಿದ್ದರೂ ಒಂದು ಸಲ ಕೂಗಬಾರದಿತ್ತೇನೋ, ಯಾಕೆ ಸುಮ್ಮನಿದ್ದೆಯೋ ಎಂದು ಅಮ್ಮ ಬಿಕ್ಕಿದಳು.

ಹುಡುಗನಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಮಾಮ ಬಂದು ನೋಡಿದ್ನಲ್ಲಮ್ಮ. ಹತ್ತಿ ಇಟ್ಟು ಮೇಲೆ ಬಣ್ಣ ಹಾಕಿದ. ನಿಜವಾದ ಗಾಯ ಆಗಿದ್ರೆ ಮಾಮನಿಗೆ ಗೊತ್ತಾಗ್ತಿರ್ಲಿಲ್ವಾ ಅಂತ ಸುಮ್ನೆ ಮಲಗಿದ್ದೆ."

ಅಕ್ಕ ತಮ್ಮನ ಕಡೆ ತಿರುಗಿದಳು. ಹಿಡಿದ ಕೈಯನ್ನು ಬಿಡುವುದೂ ಅವಳಿಗೆ ಮರೆತಿತ್ತು.

"ನೀನು ನೋಡಿದ್ಯಾ?"

"ನೋಡಿದೆ ಅಕ್ಕ" ಎಂದರು ಮಾಸ್ಟ್ರು. "ಗಾಯ ಚೆನ್ನಾಗಿಲ್ಲ ಅಂದ್ಕೊಂಡೆ."