ಬಾಗಿದ ಕಾಲಿನ ಸ್ಟೂಲು

ಅತ್ತೆ ಬಿದ್ದಾಗ ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮೊದಲು ಕೇಳಿಸಿದ್ದು ಅವರ ಕೂಗಲ್ಲ, ಒಣಗಿದ ಹತ್ತಿಕಟ್ಟಿಗೆ ಮುರಿದಂಥ ಒಂದು ಸಪ್ಪಳ. ಕೈಯಲ್ಲಿದ್ದ ದುಪ್ಪಟಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ. ಅಡುಗೆಮನೆಯ ನೆಲದ ಮೇಲೆ ಮೆಂತೆಸೊಪ್ಪು ಚೆಲ್ಲಾಡಿತ್ತು. ಅತ್ತೆ ಎಡಗೈಯನ್ನು ಎದೆಗೆ ಅವಚಿಕೊಂಡು ಅದರ ನಡುವೆ ಕುಳಿತಿದ್ದರು. ಪಕ್ಕದಲ್ಲಿ ನಾನು ಮಾಡಿದ ಸ್ಟೂಲು ಒಂದು ಕಡೆ ವಾಲಿತ್ತು. ಅದರ ಬಾಗಿದ ಮೂರು ಕಾಲು ಹಾಗೇ ಇದ್ದವು. ನಾಲ್ಕನೆಯದು ಬಾಗಿದ ಜಾಗದಲ್ಲೇ ಎರಡು ತುಂಡಾಗಿತ್ತು.

"ನನಗೇನೂ ಆಗಿಲ್ಲ ಬಿಡ ತಂಗಿ. ನಿನ್ನ ಸ್ಟೂಲ ಮುರೀತಲ್ಲ" ಎಂದರು ಅತ್ತೆ. ಅವರ ಮುಖ ಸುಣ್ಣದಂತಾಗಿತ್ತು.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಮನೆಗೆ ಬಂದ ಮೇಲೆ ನಾನು ಆ ಮುರಿದ ಕಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಟ್ಟಿಗೆ ಮುರಿದರೆ ಉದ್ದುದ್ದ ಸೀಳಬೇಕು. ಇದು ಹಾಗಿರಲಿಲ್ಲ. ಗರಿಗರಿ ಕಟಕ ರೊಟ್ಟಿ ಮುರಿದ ಹಾಗೆ ಅಡ್ಡಕ್ಕೆ, ಒಂದೇ ಏಟಿಗೆ ಮುರಿದಿತ್ತು. ಯಾಕೆ ಹೀಗೆ ಎಂದು ನನಗೆ ತಿಳಿಯಲಿಲ್ಲ. ತಪ್ಪು ನನ್ನ ಕೈಯದು ಎಂದಷ್ಟೇ ತಿಳಿದಿತ್ತು.

ನಾನು ಬಡಿಗತನ ಕಲಿತವಳಲ್ಲ. ಐದು ವರ್ಷದ ಹಿಂದೆ ಅಡುಗೆಮನೆಯ ಕಪಾಟಿನ ಬಾಗಿಲು ಜೋತುಬಿದ್ದಿತ್ತು. ನಮ್ಮ ಓಣಿಯ ಬಡಿಗೇರರು "ನಾಳೆ ಬರತೇನ್ರಿ ಬಾಯಾರ" ಎನ್ನುತ್ತ ಎರಡು ತಿಂಗಳು ಕಳೆದರು. ಒಂದು ಮಧ್ಯಾಹ್ನ ನಾನೇ ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಬಾಗಿಲು ಸರಿಯಾಯಿತು. ಅದು ಮುಚ್ಚುವಾಗಿನ ಮೆತ್ತನೆಯ ಸದ್ದು ಕೇಳಲಿಕ್ಕೆಂದೇ ಆ ದಿನ ಹತ್ತು ಸಲ ತೆಗೆದು ಮುಚ್ಚಿದೆ. ಆಮೇಲೆ ಗರಗಸ ಬಂತು, ಉಳಿ ಬಂತು, ಕೀಸುಳಿ ಬಂತು. ಮಧ್ಯಾಹ್ನದ ನಿದ್ದೆ ಹೋಯಿತು.

ಮೊಬೈಲಿನಲ್ಲಿ ಒಂದು ಗ್ರೂಪು ಇದೆ ಎಂದು ಹೇಳಿದವರು ನಮ್ಮ ಮನೆಯವರೇ. ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲ ಕಡೆಯವರು ಮೂವತ್ತು ಜನ ಇದ್ದರು. ಯಾರೂ ಕಸುಬಿನ ಬಡಿಗೇರರಲ್ಲ. ಬಿಡುವಿನಲ್ಲಿ ಮನೆಗೆ ಬೇಕಾದದ್ದನ್ನು ತಾವೇ ಮಾಡಿಕೊಳ್ಳುವವರು. ಮಾಡಿದ್ದರ ಫೋಟೋ ಹಾಕುವುದು, ಒಬ್ಬರಿಗೊಬ್ಬರು ಸಲಹೆ ಕೊಡುವುದು, ಬೈದಾಡುವುದು. ಸವದತ್ತಿಯ ಕ್ಲಾರ್ಕ್ ಒಬ್ಬರು ತಾವು ಮಾಡಿದ ಕುರ್ಚಿಯ ಫೋಟೋ ಹಾಕಿದಾಗ ಎಂ.ಕೆ. ಹುಬ್ಬಳ್ಳಿಯ ಫಿಟ್ಟರ್ ಬರೆದಿದ್ದರು: "ಇದರ ಮ್ಯಾಲ ನೀ ಒಬ್ಬನ ಕುಂಡ್ರು. ಬೀಗರು ಬಂದ್ರ ಚಾಪಿ ಹಾಸು."

"ನಿನ್ನ ಮಂಚಕ್ಕಿಂತ ಛಲೋ ಐತಿ ತಗೋ. ಅದರ ಮ್ಯಾಲ ಮಗ್ಗಲಾ ಹೊಳ್ಳಿದ್ರ ಓಣಿ ಮಂದಿ ಎದ್ದು ಕೂಡ್ತಾರಂತ." ಇದು ಕ್ಲಾರ್ಕರ ಉತ್ತರ.

"ಮೊದಲ ಆ ಹಿಂದಿನ ಕಾಲ ಬಿಚ್ಚಿ ಮತ್ತ ಕೂಡಸೋ ಮಾರಾಯಾ, ಆಮ್ಯಾಲ ಮಾತಾಡು."

ಕ್ಲಾರ್ಕ್ ಬಿಚ್ಚಿದರು, ಮತ್ತೆ ಕೂಡಿಸಿದರು, ಮತ್ತೆ ಫೋಟೋ ಹಾಕಿದರು. ಕುರ್ಚಿ ನಿಜಕ್ಕೂ ಚೆನ್ನಾಯಿತು.

ಆ ಗ್ರೂಪಿನಲ್ಲಿ ಹೆಂಗಸು ನಾನೊಬ್ಬಳೇ. ನಾನು ಮಸಾಲೆ ಡಬ್ಬಿಯ ಫೋಟೋ ಹಾಕಿದ ದಿನ ನಗೆಯೆಲ್ಲ ನಿಂತಿತು. ಆಮೇಲೆ ಒಂದರ ಹಿಂದೆ ಒಂದು ಕೈಮುಗಿದ ಚಿತ್ರ, ಗುಲಾಬಿ ಹೂವು. "ಭಾರಿ ಐತ್ರಿ ಅಕ್ಕಾರ." "ಅಕ್ಕಾರ ಕೈ ಅಂದ್ರ ಕೈರಿ." ಮೊದಲ ಸಲ ಖುಷಿಯಾಯಿತು. ನಾಲ್ಕನೆಯ ಸಾಮಾನಿಗೂ ಅದೇ ಗುಲಾಬಿ ಬಂದಾಗ ಅನುಮಾನ ಬಂತು. ಡಬ್ಬಿಯ ಮುಚ್ಚಳ ಬಿಗಿಯಾಗಿ ತೆಗೆಯಲಿಕ್ಕೆ ಬರುತ್ತಿರಲಿಲ್ಲ. ಅದು ನನಗೇ ಗೊತ್ತಿತ್ತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆ ಕಲಿಸುವ ಸಿಸ್ಟರ್ ಒಬ್ಬರಿದ್ದರು. ದನಿ ಏರಿಸುತ್ತಿರಲಿಲ್ಲ. ಹೊಲಿಗೆ ವಾರೆಯಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ, ಮೊದಲಿನಿಂದ ಹೊಲಿ ಎಂದು ಕೈಗೆ ಕೊಡುತ್ತಿದ್ದರು. ಎಷ್ಟೋ ಸಲ ಅತ್ತಿದ್ದೇನೆ. ಆದರೆ ಅಲ್ಲಿ ನಾನು ಹೊಲಿದ ಒಂದು ದಿಂಬಿನ ಚೀಲದ ಹೊಲಿಗೆ ಇಂದಿಗೂ ಬಿಚ್ಚಿಲ್ಲ. ತಪ್ಪು ತೋರಿಸುವವರು ಸಿಗುವುದು ಎಂಥ ಪುಣ್ಯ ಎಂದು ಅಲ್ಲೇ ಕಲಿತಿದ್ದೆ.

ಹಾಗಾಗಿ ಒಂದು ಭಾನುವಾರ ಗ್ರೂಪಿನವರೆಲ್ಲ ಸವದತ್ತಿಯ ಕ್ಲಾರ್ಕರ ಮನೆಯಲ್ಲಿ ಸೇರಿದ್ದಾಗ ನಾನು ರಾಮದುರ್ಗದ ಸರ್ ಹತ್ತಿರ ಹೋದೆ. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರು. ಗ್ರೂಪಿಗೆ ಹಿರಿಯರು. ಕ್ಲಾರ್ಕರು ಮಾಡಿದ ಟೇಬಲ್ಲಿನ ಮೇಲ್ಭಾಗವನ್ನು ಅವರು ನೋಡುತ್ತಲೇ ಇರಲಿಲ್ಲ. ಬಗ್ಗಿ, ಯಾರಿಗೂ ಕಾಣದ ಕೆಳಗಿನ ಅಂಚಿಗೆ ಹೆಬ್ಬೆರಳು ಆಡಿಸುತ್ತಿದ್ದರು. ಅದನ್ನು ನೋಡಿಯೇ ನನಗೆ ನಂಬಿಕೆ ಹುಟ್ಟಿತು.

"ಸರ್, ಇಲ್ಲೆ ನನಗ ಯಾರೂ ತಪ್ಪ ತೋರಸಂಗಿಲ್ರಿ. ನೀವರ ತೋರಸ್ರಿ" ಎಂದೆ.

ಅವರು ನಕ್ಕರು. "ಅದಕ್ಕೇನ್ರಿ ತಂಗೆವ್ವ. ಜೀವನಪೂರ್ತಿ ಹುಡುಗ್ರ ಚಿತ್ರಕ್ಕ ಕೆಂಪು ಗೆರಿ ಹೊಡದ ಕೈ ಇದು. ತಪ್ಪ ಕಂಡ್ರ ಬಿಡೂದಿಲ್ಲ. ಹೇಳೇ ಹೇಳ್ತೀನಿ."

ಅಂದಿನಿಂದ ಪ್ರತಿಯೊಂದನ್ನೂ ಅವರಿಗೆ ಬೇರೆಯಾಗಿ ಕಳಿಸಿ ಕೇಳತೊಡಗಿದೆ. "ಛಲೋ ಅದ" ಎನ್ನುತ್ತಿದ್ದರು. ಸರ್ ಹೇಳಿದರೆ ಛಲೋ ಇದ್ದಿರಲೇಬೇಕು ಎಂದು ಗ್ರೂಪಿನ ಗುಲಾಬಿಗಳನ್ನು ಮರೆತೆ.

ಸ್ಟೂಲು ಅತ್ತೆಗಾಗಿ ಮಾಡಿದ್ದು. ಅವರ ಮೊಣಕಾಲು ಸೋತಿದ್ದವು, ನೆಲಕ್ಕೆ ಕೂಡಬೇಡಿ ಎಂದಿದ್ದರು ಡಾಕ್ಟರು. ಪ್ಲಾಸ್ಟಿಕ್ ಕುರ್ಚಿ ಅವರಿಗೆ ಆಗುವುದಿಲ್ಲ. "ಅದರಾಗ ಕುಂತ್ರ ಬಸ್‌ಸ್ಟ್ಯಾಂಡಿನ್ಯಾಗ ಮುರಗೋಡ ಬಸ್ ಕಾದಂಗ ಆಗತೈತಿ" ಎನ್ನುತ್ತಿದ್ದರು. ಸೊಪ್ಪು ಸೋಸಲಿಕ್ಕೆ ತಗ್ಗಿನದೊಂದು ಸ್ಟೂಲು ಬೇಕಿತ್ತು. ನನಗೆ ನೆನಪಾದದ್ದು ಕಾನ್ವೆಂಟಿನಲ್ಲಿ ಬಂದವರನ್ನು ಕೂರಿಸುವ ಕೋಣೆಯ ಸ್ಟೂಲು. ಜಿಂಕೆಯ ಹಿಂಗಾಲಿನ ಹಾಗೆ ಬಾಗಿದ ನಾಲ್ಕು ಕಾಲು. ಹಾಜರಿ ಪುಸ್ತಕ ಹಿಡಿದು ಹೋದಾಗಲೆಲ್ಲ ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಹಳೆಯ ಬಾಗಿಲಿನ ಸಾಗವಾನಿ ಹಲಗೆ ಅಟ್ಟದ ಮೇಲಿತ್ತು. ರಟ್ಟಿನ ಮೇಲೆ ಕಾಲಿನ ಆಕಾರ ಬರೆದು, ಅದನ್ನು ಹಲಗೆಯ ಮೇಲಿಟ್ಟು ಗೆರೆ ಎಳೆದು, ಕೊರೆದೆ. ಒಂದೂವರೆ ತಿಂಗಳ ಮಧ್ಯಾಹ್ನಗಳು ಅದಕ್ಕೇ ಹೋದವು. ಅತ್ತೆ ಬಾಗಿಲಲ್ಲಿ ಕುಳಿತು, ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸಿ ನನಗ ಸಿಂಹಾಸನ ಮಾಡಾಕ ಹತ್ಯಾಳ."

ಕಾಲುಗಳನ್ನು ಜೋಡಿಸುವ ಮೊದಲು ಅವನ್ನು ಅಡುಗೆಮನೆಯ ನೀಲಿ ಗೋಡೆಗೆ ಆನಿಸಿ ಫೋಟೋ ತೆಗೆದೆ. ಸರ್ ಒಬ್ಬರಿಗೇ ಕಳಿಸಿದೆ. "ಇನ್ನೂ ಕೂಡಿಸಿಲ್ರಿ ಸರ್. ಅತ್ತ್ಯಾರಿಗೆ ಕೂಡಾಕ ಮಾಡೇನಿ. ತಪ್ಪಿದ್ರ ಈಗ ಹೇಳ್ರಿ, ಬ್ಯಾರೆ ಕೊರೀತೇನಿ" ಎಂದು ಬರೆದೆ.

ಅವರು ನೋಡಿದರು. ಬರೆಯುತ್ತಿದ್ದಾರೆ ಎಂದು ಪರದೆಯ ಮೇಲೆ ಕಾಣಿಸಿತು. ಮಾಯವಾಯಿತು. ಮತ್ತೆ ಕಾಣಿಸಿತು, ಮತ್ತೆ ಮಾಯವಾಯಿತು. ಕಡೆಗೆ ಬಂದದ್ದು ಒಂದೇ ಸಾಲು: "ಅಗದಿ ಛಂದ ಆಗ್ಯಾವ ತಂಗೆವ್ವ. ಮುಂದ ನಡಸ್ರಿ."

ನಡೆಸಿದೆ. ಸ್ಟೂಲು ಮೂರು ವಾರ ನಿಂತಿತು.

ಅತ್ತೆಗೆ ಪ್ಲಾಸ್ಟರ್ ಹಾಕಿದ ಮೇಲೆ ಅವರ ತಲೆ ಬಾಚುವುದು, ಸೀರೆಯ ನಿರಿಗೆ ಹಿಡಿಯುವುದು, ರೊಟ್ಟಿ ಮುರಿದು ಕೊಡುವುದು ಎಲ್ಲ ನನ್ನದಾಯಿತು. ನಮ್ಮ ಮನೆಯವರು ಒಂದೇ ಮಾತು ಅಂದರು: "ಇನ್ನ ಸಾಕ ಮಾಡು. ಮನಿ ಮಂದಿ ಕೈಕಾಲ ಮುರಿಯೂ ಹವ್ಯಾಸ ನಮಗ ಬ್ಯಾಡ." ನಾನು ಎದುರಾಡಲಿಲ್ಲ. ಉಳಿ, ಗರಗಸ ಎಲ್ಲವನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ಏನೆಂದು ಹೇಳಲಿ?

ಎರಡನೆಯ ವಾರ ಗ್ರೂಪಿಗೆ ಹೊಸಬರೊಬ್ಬರು ಬಂದರು, ಸುರೇಬಾನದವರು. ಬಾಗಿದ ಕಾಲಿನ ಟೀಪಾಯಿ ಮಾಡುತ್ತೇನೆ ಎಂದು ಚಿತ್ರ ಹಾಕಿದರು. ಅದಕ್ಕೆ ಎಂ.ಕೆ. ಹುಬ್ಬಳ್ಳಿಯ ಫಿಟ್ಟರ್ ಒಂದು ಫೋಟೋ ಕಳಿಸಿದರು. ತಮ್ಮ ಮೊಬೈಲಿನ ಪರದೆಯನ್ನೇ ತೆಗೆದ ಫೋಟೋ. ನಾನು ಒಗ್ಗರಣೆಗೆ ಎಣ್ಣೆ ಇಟ್ಟು ನೋಡುತ್ತಿದ್ದೆ. ನೀಲಿ ಗೋಡೆ. ಮೂಲೆಯಲ್ಲಿ ಅತ್ತೆಯ ಹಿತ್ತಾಳೆ ಲೋಟ. ಗೋಡೆಗೆ ಆನಿಸಿದ ನಾಲ್ಕು ಕಾಲು. ಒಂದು ಕಾಲಿನ ಬಾಗಿದ ಜಾಗಕ್ಕೆ ಕೆಂಪು ಸುತ್ತು.

ಕೆಳಗೆ ಸರ್ ಬರೆದದ್ದಿತ್ತು: "ಇಂಥಾ ಕಾಲು ಯಾರೂ ಹಚ್ಚಬ್ಯಾಡ್ರಿ. ನೆಟ್ಟನ ಹಲಗ್ಯಾಗ ಬಾಗಿದ ಕಾಲು ಕೊರದ್ರ ಬಾಗಿದಲ್ಲೇ ಕಟ್ಟಿಗಿ ಎಳಿ ಕಡೀತದ. ಇವತ್ತಿಲ್ಲ ನಾಳೆ ಮುರೀತದ." ಅದರ ಕೆಳಗೆ ಯಾರೋ ಕೇಳಿದ್ದರು: "ಅಕ್ಕಾರಿಗೆ ಹೇಳಿದ್ರಿಲ್ಲೋ ಸರ್?" ಸರ್ ಕೊಟ್ಟ ಉತ್ತರ ಪರದೆಯ ಅಂಚಿನಲ್ಲಿ ಕಡಿದುಹೋಗಿತ್ತು. ಮೇಲೆ ಗುಂಪಿನ ಹೆಸರಿತ್ತು. ನಮ್ಮ ಗ್ರೂಪಿನದಲ್ಲ, ಬೇರೆಯದು. ನಾನಿಲ್ಲದ ಒಂದು ಗ್ರೂಪು ಅವರಿಗಿತ್ತು.

ಅಷ್ಟರಲ್ಲಿ ಫೋಟೋ ಮಾಯವಾಯಿತು. ಸಂದೇಶ ಅಳಿಸಲಾಗಿದೆ ಎಂಬ ಸಾಲು ಉಳಿಯಿತು. ಎಣ್ಣೆ ಹೊಗೆಯಾಡಿತು. ಒಲೆ ಆರಿಸಿ, ಸರ್ ನನಗೆ ಬರೆದ ಹಳೆಯ ಸಂದೇಶ ತೆಗೆದೆ. ಆ ಫೋಟೋದಲ್ಲಿ ಕಂಡ ತಾರೀಖು, ನನಗೆ ಛಂದ ಆಗ್ಯಾವ ಎಂದ ತಾರೀಖು, ಎರಡೂ ಒಂದೇ. ನಡುವೆ ಅರ್ಧ ತಾಸು.

ಅತ್ತೆಗೆ ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಪ್ಲಾಸ್ಟರಿನ ಅಂಚು ಕೆರೆದುಕೊಂಡರು.

"ನನಗೂ ಗೊತ್ತಿತ್ತು ತಂಗಿ. ಬೀಳೂ ಮೊದಲ ನಾಕೈದು ದಿನದಿಂದ ಕರಕರ ಅಂತಿತ್ತು."

"ಹೇಳಬಾರದೇನ್ರಿ ಅತ್ತಿ?"

"ಹೆಂಗ ಹೇಳಲಿ? ನೀ ದಿನಾ ಮುಂಜಾನೆ ಅದನ್ನ ಸೆರಗಿಲೆ ಒರಸ್ತಿದ್ದಿ."

ಅವರ ಮೇಲೂ ನನಗೆ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅತ್ತೆ ನನ್ನ ಮನಸ್ಸು ಕಾಯಲಿಕ್ಕೆ ಕೊಟ್ಟದ್ದು ತಮ್ಮ ಕೈ. ಸರ್ ನನ್ನ ಮನಸ್ಸು ಕಾಯಲಿಕ್ಕೆ ಕೊಟ್ಟದ್ದೂ ಅತ್ತೆಯ ಕೈಯನ್ನೇ.

ಸಂಜೆ ಸರ್‌ಗೆ ಫೋನ್ ಮಾಡಿದೆ.

"ಏನ್ ತಂಗೆವ್ವ, ಆರಾಮ ಇದ್ದೀರಿ? ಭಾಳ ದಿನ ಆತು, ಏನೂ ಕಳಿಸಿಲ್ಲ?"

"ಸ್ಟೂಲಿನ ಕಾಲ ಮುರೀತ್ರಿ ಸರ್. ಅತ್ತ್ಯಾರು ಬಿದ್ದರು. ಮಣಿಕಟ್ಟ ಮುರದೈತಿ."

ಅವರ ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು.

"ಅಕ್ಕಾರಿಗೆ ಹೇಳಿದ್ರಿಲ್ಲೋ ಅಂತ ನಿಮ್ಮ ಆ ಬ್ಯಾರೆ ಗ್ರೂಪಿನ್ಯಾಗ ಯಾರೋ ಕೇಳ್ಯಾರ. ನೀವು ಏನಂದ್ರಿ ಸರ್? ಅದೊಂದು ಕಾಣಲಿಲ್ಲ ನನಗ."

"ತಂಗೆವ್ವ... ನೀವು ಅಷ್ಟು ಆಸೆಪಟ್ಟು ಕೊರದಿದ್ರಿ. ಹೆಣ್ಣಮಕ್ಕಳು, ಮನಸ್ಸಿಗೆ ಹಚ್ಕೋತಾರ ಅಂದೆ. ಇರ್ಲಿ ಬಿಡ್ರಿ ಅಂದೆ."

"ನಾ ಕೇಳಿದ್ದೆ ಸರ್. ಬ್ಯಾರೆ ಕೊರೀತೇನಿ ಅಂತ ಬರದಿದ್ದೆ."

"ಬರದಿದ್ರಿ. ಎರಡ ಸಲ ಬರಿಯಾಕ ಹೋಗಿ ಅಳಿಸಿದೆ. ನನ್ನ ಸ್ವಂತ ತಂಗಿಗೂ ನಾ ಹಂಗ ಹೇಳ್ತಿದ್ದಿಲ್ಲ."

"ನಿಮ್ಮ ತಂಗಿ ಮಾಡಿದ ಸ್ಟೂಲಿನ ಮ್ಯಾಲ ನಿಮ್ಮ ತಾಯಿ ಕೂಡೋರಿದ್ರ?"

ನನ್ನ ದನಿ ಏರಲಿಲ್ಲ. ಏರಿಸಲಿಕ್ಕೆ ನನಗೆ ಬರುವುದಿಲ್ಲ. ಅವರು ತಪ್ಪಾತು ಎಂದರು. ಗ್ರೂಪಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ ಎಂದರು. ಬರಲಿರುವ ಗುಲಾಬಿಗಳು ಕಣ್ಣ ಮುಂದೆ ಬಂದವು.

"ಕ್ಷಮೆ ಬ್ಯಾಡ್ರಿ. ನಾಕು ವರ್ಷದಾಗ ನಾ ಏನೇನ ಕಳಿಸೇನಿ, ಎಲ್ಲಾ ನಿಮ್ಮ ಕಣ್ಣಾಗ ಐತಿ. ಒಂದೊಂದ ತಪ್ಪ ಹೇಳ್ರಿ. ಬರಕೋತೇನಿ."

ಮೊದಲು ಹಿಂಜರಿದರು. ಮಸಾಲೆ ಡಬ್ಬಿಯ ಮುಚ್ಚಳ ಹಸಿ ಕಟ್ಟಿಗೆಯದು, ಅದಕ್ಕೇ ಒಣಗಿ ಬಿಗಿದಿರಬೇಕು ಎಂದರು. ಪೂಜೆಯ ಮಣೆಯ ಕೆಳಗಿನ ಪಟ್ಟಿ ಉಲ್ಟಾ ಎಂದರು. ಚಹಾದ ಟ್ರೇಯ ಮೂಲೆಗಳಿಗೆ ಬರೀ ಅಂಟು ಸಾಲದು ಎಂದರು. ಹೇಳುತ್ತ ಹೇಳುತ್ತ ಅವರ ದನಿ ಬದಲಾಯಿತು. ತೊದಲು ಹೋಯಿತು. "ಅಲ್ರೀ, ಆ ಟ್ರೇಕ್ಕ ಯಾರರ ಅಷ್ಟು ತೆಳ್ಳನ ಹಲಗಿ ಹಾಕ್ತಾರೇನು?" ಎಂದು ಗದರಿದರು ಕೂಡ. ನಾಲ್ಕು ವರ್ಷ ನಾನು ಬೇಡಿದ ದನಿ ಅದೇ. ಅಲ್ಲಿ, ನಾನಿಲ್ಲದ ಕಡೆ, ಎಲ್ಲರಿಗೂ ದಿನವೂ ಸಿಗುತ್ತಿದ್ದ ದನಿ. ಮಗಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತ ಹೋದೆ. ಪ್ರತಿ ತಪ್ಪಿನ ಜೊತೆ ಅಂದು ಬಂದ ಹೊಗಳಿಕೆಯೂ ನೆನಪಾಗುತ್ತಿತ್ತು.

ಇದ್ದಕ್ಕಿದ್ದಂತೆ ಅವರು ನಿಲ್ಲಿಸಿದರು.

"ಹೋದ ವರ್ಷ ಒಂದು ಗ್ವಾಡಿ ಕಪಾಟು ಮಾಡಿದ್ರಿ, ಪುಸ್ತಕ ಇಡೂದು. ಅದು ಇನ್ನೂ ಅದ ಏನು?"

"ಐತ್ರಿ."

"ಅದರ ಕೆಳಗ ಯಾರೂ ಮಲಗೂದಿಲ್ಲಲ?"

ನಾನು ಎದ್ದೆ. ಒಳಕೋಣೆಯಲ್ಲಿ ಮಗಳು ಮಂಚದ ಮೇಲೆ ಬೋರಲಾಗಿ ಮಲಗಿ ಓದುತ್ತಿದ್ದಳು. ತಲೆಯ ಮೇಲೆ ಕಪಾಟು, ಅದರ ತುಂಬ ಅವಳ ದಪ್ಪ ದಪ್ಪ ಪುಸ್ತಕಗಳು.

"ಏಳವಾ. ಆ ಕಡೆ ಹೋಗಿ ಕುಂಡ್ರು."

"ಯಾಕವ್ವಾ? ಯಾರದು ಫೋನು?"

"ಏಳು ಅಂದೆ."

ಫೋನನ್ನು ಮಂಚದ ಮೇಲಿಟ್ಟು ಸ್ಪೀಕರ್ ಹಾಕಿದೆ. ಪುಸ್ತಕಗಳನ್ನು ಎರಡೆರಡಾಗಿ ಇಳಿಸತೊಡಗಿದೆ. ಸರ್ ಹೇಳುತ್ತಲೇ ಇದ್ದರು. ಮೊಳೆ ಸಣ್ಣವು. ಗೋಡೆಯೊಳಗಿನ ಇಟ್ಟಂಗಿಯನ್ನು ಮುಟ್ಟಿಲ್ಲ, ಮೇಲೆ ಬಳಿದ ಗಿಲಾವಿನಲ್ಲಷ್ಟೇ ನಿಂತಿವೆ. ನೀವು ಮೊಳೆ ಅಂಗೈಯಲ್ಲಿಟ್ಟು ತೆಗೆದ ಫೋಟೋ ನೋಡಿದ ದಿನವೇ ನನಗೆ ಗೊತ್ತಾಯಿತು, ಎಳೆದು ನೋಡಿ ಎಂದರು.

ಕೊನೆಯ ಪುಸ್ತಕ ಇಳಿಸಿ ಕಪಾಟಿನ ಅಂಚು ಹಿಡಿದು ನನ್ನ ಕಡೆ ಎಳೆದೆ. ಜೋರು ಮಾಡಲಿಲ್ಲ. ಮೊಳೆಗಳ ಸಮೇತ ಅದು ಒಂದೇ ಕೈಯಲ್ಲಿ ಕಳಚಿ ಬಂತು. ದಿಂಬಿನ ಮೇಲೆ ಸುಣ್ಣದ ಪುಡಿ ಉದುರಿತು.

"ಬಂತೇನು?" ಎಂದರು ಸರ್.

"ಬಂತ್ರಿ."